ಪಟ್ಟಿ ಬಿಟ್ಟು ಗದಾಯುದ್ಧ ಹಿಡಿದೆ

‘ಓದಲೇಬೇಕಾದ’ ಪುಸ್ತಕಗಳ ಪಟ್ಟಿಯ ಹಿಂದೆ ಬಿದ್ದು ನಾನು ಸುರಿದದ್ದು ಸುಮಾರು ಆರೇಳು ಸಾವಿರ ರೂಪಾಯಿ, ಜೊತೆಗೆ ಎರಡು ಮೂರು ವರ್ಷಗಳ ಸಂಜೆಗಳು. ಜ್ಞಾನಪೀಠ ಪಡೆದ ಎಂಟೂ ಕನ್ನಡಿಗರ ಒಂದೊಂದು ಕೃತಿ ಮುಗಿಯಿತು. ಕಥೆ ಕೇಳಿದರೆ ಹೇಳಬಲ್ಲವನಾಗಿದ್ದೆ. ಒಂದು ಕೃತಿಯ ಮಾತು ಇನ್ನೊಂದಕ್ಕೆ ಎಲ್ಲಿ ತಗಲುತ್ತದೆ ಎಂದರೆ ಬಾಯಿ ಕಟ್ಟುತ್ತಿತ್ತು.

ಆಮೇಲೆ ಭೀಮ-ದುರ್ಯೋಧನರ ಕೊನೆಯ ಕಾಳಗದ ಹಳಗನ್ನಡ ಕಾವ್ಯ, ರನ್ನನ ಗದಾಯುದ್ಧ ಒಂದನ್ನೇ ಹಿಡಿದೆ. ‘ಒಂದು ಪುಸ್ತಕ ಓದಿ ಯಾರಾದರೂ ಬಹುಶ್ರುತ ಆಗುತ್ತಾರೆಯೇ’ ಎಂದು ಗೆಳೆಯರು ತಲೆಯಾಡಿಸಿದರು. ಕ್ರಮ ಇಷ್ಟೆ: ಪದ್ಯವನ್ನು ಗಟ್ಟಿಯಾಗಿ ಓದಬೇಕು, ಪದ ಬಿಡಿಸಬೇಕು, ಅದೇ ಸಂದರ್ಭ ಬೇರೆ ಕವಿಯಲ್ಲಿ ಹೇಗಿದೆ ಎಂದು ಹುಡುಕಬೇಕು. ಭೀಮನ ಗರ್ಜನೆಗೆ ದುರ್ಯೋಧನ ಕೊಳದ ನೀರಿನೊಳಗೆ ಅಡಗಿದ್ದೂ ಬೆವರುವ ಪದ್ಯ ನಿಮಗೆಲ್ಲ ಬಾಯಿಪಾಠವಿರುತ್ತದೆ. ನಾನು ವಾರಗಟ್ಟಲೆ ಅದರ ಸುತ್ತಲೇ ಇದ್ದೆ. ಅಲ್ಲಿಂದ ಪಂಪನ ಭಾರತ, ಅದರಿಂದ ಕುಮಾರವ್ಯಾಸನ ಭಾರತ. ದೊರೆ ಅರಿಕೇಸರಿಯ ಆಶ್ರಯದ ಪಂಪನಿಗೆ ಅರ್ಜುನ ನಾಯಕ, ದೊರೆ ಸತ್ಯಾಶ್ರಯನ ಆಸ್ಥಾನದ ರನ್ನನಿಗೆ ಭೀಮ (ಇಬ್ಬರೂ ತಮ್ಮ ದೊರೆಯನ್ನೇ ಆ ನಾಯಕನಲ್ಲಿ ಕಂಡವರು), ಗದುಗಿನ ಕುಮಾರವ್ಯಾಸನಿಗೆ ಕೃಷ್ಣನೇ ಎಲ್ಲ. ಆದರೆ ಪಂಪ ಕೊನೆಗೆ ಕರ್ಣನನ್ನು ನೆನೆ ಎನ್ನುತ್ತಾನೆ. ರನ್ನ ನಮ್ಮನ್ನು ದುರ್ಯೋಧನನ ಜೊತೆ ಹೆಣಗಳ ನಡುವೆ ನಡೆಸಿ, ದುಶ್ಶಾಸನನ ಎದುರು, ಕರ್ಣನ ಎದುರು ನಿಲ್ಲಿಸಿ ಅಳಿಸುತ್ತಾನೆ. ಆಶ್ರಯದಾತನ ಋಣ ಒಂದು ಕಡೆ, ಕವಿಯ ಕರುಳು ಇನ್ನೊಂದು ಕಡೆ. ಯಾವ ಪಟ್ಟಿಯೂ ನನಗೆ ಇದನ್ನು ಕಾಣಿಸಿರಲಿಲ್ಲ.

ಖರ್ಚು? ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳಲ್ಲಿ ಮೂರೂ ಕಾವ್ಯ ಸೇರಿ ಏಳೆಂಟು ನೂರು ದಾಟಿರಲಿಕ್ಕಿಲ್ಲ. ಸಾಹಿತ್ಯ ಪರಿಷತ್ತಿನ ನಿಘಂಟಿನ 8 ಸಂಪುಟಗಳನ್ನು ಗ್ರಂಥಾಲಯದಲ್ಲೇ ನೋಡಿಕೊಂಡೆ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಬೆಳಗಿನ ನಡಿಗೆಯಲ್ಲಿ ಮೊಬೈಲಿನಲ್ಲಿ ಗಮಕ, ಅಂದರೆ ರಾಗವಾಗಿ ಮಾಡುವ ಕಾವ್ಯವಾಚನ, ಕೇಳುವುದು. ಕುಮಾರವ್ಯಾಸನ ಭಾಮಿನಿ ಷಟ್ಪದಿ ಕಿವಿಯಿಂದಲೇ ಒಳಗಿಳಿಯಿತು, ಮೂರು ನಾಲ್ಕು ಮಾತ್ರೆಗಳ ಗತಿ ಕಾಲಿಗೂ ಒಗ್ಗುತ್ತದೆ. ಗದ್ಯ ಪದ್ಯ ಬೆರೆತ ಪಂಪನ ಚಂಪುವಿಗೆ ಅದು ಸಾಗಲಿಲ್ಲ. ಅದರ ವೃತ್ತಗಳು, ಉದ್ದ ಸಾಲಿನ ಆ ಪದ್ಯಗಳು, ಕಣ್ಣೆದುರು ಇರಲೇಬೇಕು.

ಈ ಓದಿನ ಫಲ ಕಂಡದ್ದು ಇನ್ನೊಬ್ಬ ಹಳಗನ್ನಡ ಕವಿ ಜನ್ನನಲ್ಲಿ. ಹಿಂದೆ ಎರಡು ಸಲ ಕೈಬಿಟ್ಟಿದ್ದ ಯಶೋಧರ ಚರಿತೆಯನ್ನು ಅರ್ಥ ಬಿಡಿಸುವ ಟೀಕೆ ಮುಟ್ಟದೆ ಓದಿ ಮುಗಿಸಿದೆ. ತಲೆಯಾಡಿಸಿದ್ದ ಗೆಳೆಯರಲ್ಲಿ ಇಬ್ಬರು ಈಗ ಭಾನುವಾರ ನಮ್ಮ ಮನೆಗೆ ಬಂದು ಪಕ್ಕದಲ್ಲೇ ಕುಳಿತು ಓದುತ್ತಾರೆ. ಪುಟದಂಚಿನಲ್ಲಿ ನಾನು ಹಾಕುವ ಪೆನ್ಸಿಲ್ ಗುರುತುಗಳ ಲೆಕ್ಕವನ್ನು ಅವರಿಗೆ ಮಾತ್ರ ಹೇಳಿಕೊಟ್ಟಿದ್ದೇನೆ. ಅದನ್ನು ಇಲ್ಲಿ ಬಿಡಿಸುವುದಿಲ್ಲ.

ಶುರು ಮಾಡುವವರು ಪಂಪನಿಂದ ಹೊರಡಬೇಡಿ. ಅದರಲ್ಲಿ 14 ಆಶ್ವಾಸಗಳು (ಅಧ್ಯಾಯಗಳು), ಮೂರನೆಯದರಲ್ಲೇ ಉಸಿರು ಕಟ್ಟುತ್ತದೆ. ಗದಾಯುದ್ಧ 10 ಆಶ್ವಾಸ, ಅದೂ ಹೆಚ್ಚುಕಡಿಮೆ ಒಂದೇ ದಿನದ ಕಥೆ. ದಿನಕ್ಕೆ ನಾಲ್ಕೈದು ಪದ್ಯ ಸಾಕು.