ಪಹಣಿಯಲ್ಲಿ ‘ಖರಾಬು’ ಎಂದಿದ್ದರೆ ಅದನ್ನು ಓದುವ ಬಗೆ

ಕೃಷಿ ಜಮೀನು ಕೊಳ್ಳುವವರಲ್ಲಿ ಹೆಚ್ಚಿನವರು ಪಹಣಿಯಲ್ಲಿ ಮಾಲೀಕರ ಹೆಸರು, ಸಾಲದ ನಮೂದು ಇವೆರಡನ್ನೇ ನೋಡಿ, ವಿಸ್ತೀರ್ಣದ ಕಾಲಂನಲ್ಲಿರುವ ‘ಫೂಟ್ ಖರಾಬು’ ಎಂಬ ಸಾಲನ್ನು ಪಾಳು ನೆಲವೆಂದು ಭಾವಿಸಿ ಬಿಟ್ಟುಬಿಡುತ್ತಾರೆ. ಗಡಿ ತಕರಾರುಗಳು ಹುಟ್ಟುವುದಕ್ಕೆ ಈ ಉದಾಸೀನವೂ ಒಂದು ಕಾರಣ.

ಖರಾಬು ಎಂಬುದು ಅರಬ್ಬೀ ಮೂಲದ ಮಾತು; ಹಾಳಾದದ್ದು, ಪಾಳುಬಿದ್ದದ್ದು ಎಂಬುದು ಅದರ ಅರ್ಥ. ಪಾರಸಿಯ ಮೂಲಕ ದಖ್ಖನಿನ ಕಂದಾಯ ಲೆಕ್ಕಗಳಿಗೆ ಬಂದ ಈ ಪದ, 1836ರ ಹೊತ್ತಿಗೆ ಪುಣೆ ಪ್ರಾಂತ್ಯದ ಇಂದಾಪುರದಲ್ಲಿ ಬ್ರಿಟಿಷ್ ಅಧಿಕಾರಿಗಳಾದ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಆರಂಭಿಸಿದ ಸರ್ವೆ ಪದ್ಧತಿಯಲ್ಲೂ ಉಳಿದುಕೊಂಡಿತು. ಮಹಾರಾಷ್ಟ್ರದ ದಾಖಲೆಗಳಲ್ಲಿ ಇಂದಿಗೂ ಅದು ‘ಪೋಟ್‌ಖರಾಬ’, ಅಂದರೆ ಹೊಲದ ಒಡಲಲ್ಲೇ ಇರುವ ಸಾಗುವಳಿಗೆ ಬಾರದ ನೆಲ. ಮೈಸೂರು ಸಂಸ್ಥಾನವೂ 1860ರ ದಶಕದಲ್ಲಿ ಮುಂಬಯಿ ಮಾದರಿಯ ಸರ್ವೆಯನ್ನೇ ಕೈಗೊಂಡಿತು. ಕಂದಾಯ ಕಟ್ಟುವಾಗ ಬಂಡೆ, ಹಳ್ಳ, ದಾರಿಗಳನ್ನು ಲೆಕ್ಕದಿಂದ ಕಳೆಯುವುದಷ್ಟೇ ಖರಾಬು ಎಂಬ ನಮೂದಿನ ಉದ್ದೇಶವಾಗಿತ್ತು. ಒಡೆತನ ಯಾರದೆಂಬುದನ್ನು ಆ ಪದವೊಂದೇ ಹೇಳುವುದಿಲ್ಲ.

ಒಡೆತನವನ್ನು ತಿಳಿಯಬೇಕಾದರೆ ಖರಾಬಿನ ಮುಂದಿರುವ ‘ಅ’ ಅಥವಾ ‘ಬ’ ಅಕ್ಷರವನ್ನು ನೋಡಬೇಕು. 1966ರ ಕರ್ನಾಟಕ ಭೂ ಕಂದಾಯ ನಿಯಮಗಳ ಪ್ರಕಾರ, ಸರ್ವೆಯ ಕಾಲಕ್ಕೆ ಸಾಗುವಳಿಗೆ ಯೋಗ್ಯವಲ್ಲದ ನೆಲವೂ ಹಿಡುವಳಿದಾರನ ಕಣ, ಕೃಷಿ ಕಟ್ಟಡಗಳಿರುವ ಜಾಗವೂ ‘ಅ’ ಖರಾಬಿಗೆ ಸೇರುತ್ತವೆ. ಇದು ಕಂದಾಯವಿಲ್ಲದಿದ್ದರೂ ಹಿಡುವಳಿಯದೇ ಭಾಗ. ರಸ್ತೆ, ರೂಢಿಯ ಕಾಲುದಾರಿ, ಇತರರೂ ಬಳಸುವ ಹಳ್ಳ ಅಥವಾ ಕೆರೆ, ಸ್ಮಶಾನ ಮುಂತಾದ ಸಾರ್ವಜನಿಕ ಬಳಕೆಯ ನೆಲ ‘ಬ’ ಖರಾಬು. ಅದನ್ನು ಮಾರುವ ಹಕ್ಕು ಪಟ್ಟಾದಾರನಿಗಿಲ್ಲ, ಅವನು ಎಷ್ಟೇ ವರ್ಷ ಉತ್ತು ಬಿತ್ತಿದ್ದರೂ ಸರಿಯೇ.

ಒಂದು ಲೆಕ್ಕವನ್ನು ನೋಡಿ. ಒಟ್ಟು ವಿಸ್ತೀರ್ಣ 4 ಎಕರೆ 10 ಗುಂಟೆ, ‘ಅ’ ಖರಾಬು 12 ಗುಂಟೆ, ‘ಬ’ ಖರಾಬು 8 ಗುಂಟೆ ಎಂದಿದ್ದರೆ, ಎಕರೆಗೆ 40 ಗುಂಟೆಯಂತೆ ಕಂದಾಯಕ್ಕೆ ಒಳಪಟ್ಟದ್ದು 3 ಎಕರೆ 30 ಗುಂಟೆ. ಮಾರಾಟಕ್ಕೆ ಬರುವುದು ‘ಅ’ ಖರಾಬೂ ಸೇರಿ 4 ಎಕರೆ 2 ಗುಂಟೆ. ಎಕರೆಗೆ ಇಷ್ಟೆಂದು ದರ ಮಾತಾಡುವಾಗ ‘ಬ’ ಖರಾಬಿನ 8 ಗುಂಟೆಯನ್ನು ಬಿಟ್ಟೇ ಗುಣಿಸಬೇಕು. ದಲ್ಲಾಳಿಗಳು ಸಾಮಾನ್ಯವಾಗಿ ಹೇಳುವುದು ಒಟ್ಟು ವಿಸ್ತೀರ್ಣವನ್ನೇ.

ಪಹಣಿಯೊಂದನ್ನೇ ನಂಬದೆ ಆಕಾರಬಂದ್‌ನ, ಅಂದರೆ ಪ್ರತಿ ಸರ್ವೆ ನಂಬರಿನ ವಿಸ್ತೀರ್ಣ, ಖರಾಬು, ಕಂದಾಯಗಳಿರುವ ಸರ್ವೆ ಇಲಾಖೆಯ ದಾಖಲೆಯ, ನಕಲು ಪಡೆದು ಅಂಕಿಗಳನ್ನು ತಾಳೆ ನೋಡಬೇಕು. ಎರಡರಲ್ಲಿ ವ್ಯತ್ಯಾಸವಿದ್ದರೆ ತಿದ್ದುಪಡಿ ಆಗುವವರೆಗೆ ಮುಂಗಡ ಕೊಡದಿರುವುದು ಕ್ಷೇಮ. ಖರಾಬು ಹೊಲದ ಯಾವ ಮಗ್ಗುಲಲ್ಲಿದೆ ಎಂಬುದು ಅಂಕಿಯಿಂದ ತಿಳಿಯುವುದಿಲ್ಲವಾದ್ದರಿಂದ ಸರ್ವೆ ಟಿಪ್ಪಣಿಯನ್ನೂ ಗ್ರಾಮ ನಕ್ಷೆಯನ್ನೂ ತರಿಸಿ, ಹದ್ದುಬಸ್ತಿಗೆ (ಗಡಿ ಗುರುತಿಸುವುದಕ್ಕೆ) ಅರ್ಜಿ ಹಾಕಿ ಅಳತೆ ಮಾಡಿಸಬೇಕು. ಕ್ರಯಪತ್ರದ ಷೆಡ್ಯೂಲಿನಲ್ಲಿ ‘ಖರಾಬು ಸಹಿತ’ ಎಂದು ಮೋಘಮ್ಮಾಗಿ ಬರೆಸದೆ, ‘ಅ’ ಖರಾಬು ಎಷ್ಟು ಗುಂಟೆಯೆಂಬುದನ್ನು ಬೇರೆಯಾಗಿಯೇ ನಮೂದಿಸಿ, ‘ಬ’ ಖರಾಬಿನ ದಾರಿ ಅಥವಾ ಹಳ್ಳವನ್ನು ಚಕ್ಕುಬಂದಿಯಲ್ಲಿ (ನಾಲ್ಕೂ ದಿಕ್ಕಿನ ಗಡಿ ವಿವರದಲ್ಲಿ) ಕಾಣಿಸಬೇಕು.