ರಾತ್ರಿಯ ಪ್ರಾರ್ಥನೆಗೆ ದಿನದ ಸುದ್ದಿ

ನಮ್ಮ ಮನೆಯಲ್ಲಿ ರಾತ್ರಿ ಊಟಕ್ಕೆ ಮುಂಚೆ ಕುಟುಂಬ ಪ್ರಾರ್ಥನೆ ನಡೆಯುತ್ತದೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಶನ್ನಿಗೆ ಸೇರಿದ ಧಾರವಾಡದ ಹಳೆಯ ಮನೆತನಗಳಿಗೆ ಇದು ಹೊಸದಲ್ಲ. ಅಜ್ಜನ ಕಾಲದಿಂದಲೂ ಒಂದು ಹಾಡು, ಒಂದು ಕೀರ್ತನೆ, ಸತ್ಯವೇದದ (ಬೈಬಲ್) ಒಂದು ಭಾಗ, ಹಿರಿಯರ ಪ್ರಾರ್ಥನೆ, ಕೊನೆಗೆ ಎಲ್ಲರೂ ಸೇರಿ 'ಪರಲೋಕದಲ್ಲಿರುವ ನಮ್ಮ ತಂದೆಯೇ'. 2019ರ ಲೆಂಟ್ ಕಾಲದಲ್ಲಿ, ಅಂದರೆ ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳಲ್ಲಿ, ಈ ಕ್ರಮಕ್ಕೆ ನಾವು ಒಂದು ಸಂಗತಿ ಸೇರಿಸಿದೆವು. ಅಂದಿನ ಪತ್ರಿಕೆಯ ಒಂದು ಸುದ್ದಿಯನ್ನು ಕತ್ತರಿಸಿ ಸತ್ಯವೇದದ ಪಕ್ಕದಲ್ಲಿ ಇಡುವುದು, ಅದನ್ನು ಓದಿ ಅದಕ್ಕಾಗಿ ಪ್ರಾರ್ಥಿಸುವುದು. ಆ ರೂಢಿ ಹೇಗೆ ಬೆಳೆಯಿತು, ಅದರಿಂದ ಮನೆಯಲ್ಲಿ ಏನಾಯಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಸಭೆಯ ಕೆಲವು ಕಿರಿಯ ದಂಪತಿಗಳು ಕೇಳಿದ್ದರಿಂದ ಬರೆಯುವ ಮನಸ್ಸು ಬಂತು.

ಪತ್ರಿಕೆಗೂ ನಮ್ಮ ಸಭೆಗೂ ಹಳೆಯ ನಂಟಿದೆ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರ ಜುಲೈ 1ರಂದು ಹೊರತಂದವರು ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್. ಕಲ್ಲಚ್ಚಿನಲ್ಲಿ ಮುದ್ರಿಸಿದ ಆ ಪುಟಗಳಲ್ಲಿ ಊರ ವರ್ತಮಾನವೂ ಹೊರಗಿನ ವರ್ತಮಾನವೂ ಇದ್ದವು. ಸುವಾರ್ತೆ ಸಾರಲು ಬಂದವರು ಜನರಿಗೆ ಸುದ್ದಿಯನ್ನೂ ಕೊಡಬೇಕೆಂದುಕೊಂಡರು. ಸಭೆಯಲ್ಲಿ ಹಿರಿಯರು ಕೆಲವರು "ಲೋಕದ ಸಂಗತಿಗಳನ್ನು ಪ್ರಾರ್ಥನೆಯ ಚಾಪೆಯ ಮೇಲೆ ತರಬೇಡಿ" ಎಂದಾಗ ನನಗೆ ನೆನಪಾಗುವುದು ಇದೇ. ಲೋಕದ ಸಂಗತಿಗಳನ್ನು ಬಿಟ್ಟರೆ ಪ್ರಾರ್ಥಿಸಲು ಉಳಿಯುವುದು ನಮ್ಮ ಮಕ್ಕಳ ಪರೀಕ್ಷೆ, ನಮ್ಮ ಮೊಣಕಾಲು ನೋವು, ನಮ್ಮ ಸಾಲ ಮಾತ್ರ.

ಆ ವರ್ಷದ ಲೆಂಟ್ ಕಾಲವನ್ನು ಧಾರವಾಡದವರು ಯಾರೂ ಮರೆಯಲಾರರು. ಮಾರ್ಚ್ 15ರ ಶುಕ್ರವಾರ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದ ಎರಡು ಮಸೀದಿಗಳಲ್ಲಿ ನಮಾಜಿಗೆ ಸೇರಿದ್ದವರ ಮೇಲೆ ಒಬ್ಬ ಗುಂಡು ಹಾರಿಸಿದ. 51 ಜನ ಸತ್ತರು. ನಾಲ್ಕು ದಿನ ಕಳೆದು ಮಾರ್ಚ್ 19ರ ಮಧ್ಯಾಹ್ನ ನಮ್ಮ ಊರಿನ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿಯಿತು. ಮೇಲೆ ಕೆಲಸ ನಡೆದಿತ್ತು, ಕೆಳಗೆ ಅಂಗಡಿಗಳು ಆಗಲೇ ತೆರೆದಿದ್ದವು. ರಕ್ಷಣಾ ಪಡೆಯವರು ಹಗಲುರಾತ್ರಿ ಕಾಂಕ್ರೀಟು ಕೊರೆದರು. ಮೂರನೆಯ ದಿನವೂ ಅವಶೇಷಗಳಡಿಯಿಂದ ಜೀವಂತ ಹೊರಬಂದವರಿದ್ದರು. ಕೊನೆಗೆ ಸತ್ತವರ ಲೆಕ್ಕ 19ಕ್ಕೆ ನಿಂತಿತು.

ಆ ದಿನಗಳಲ್ಲಿ ಮನೆಯೊಳಗೆ ಟಿವಿ ಆರುತ್ತಿರಲಿಲ್ಲ. ಮಗ ಆಗ ಎಂಟನೆಯ ತರಗತಿ, ಮಗಳು ಮೂರನೆಯದು. ಪ್ರಾರ್ಥನೆಗೆ ಕೂತಾಗ ಮಗಳು ಕೇಳಿದಳು: "ಅಪ್ಪಾ, ಅವರೇನು ತಪ್ಪು ಮಾಡಿದ್ದರು?" ಅವಳ ಸ್ನೇಹಿತೆಯೊಬ್ಬಳು ಪಾಪ ಮಾಡಿದವರಿಗೆ ಹೀಗಾಗುತ್ತದೆ ಎಂದು ಹೇಳಿದ್ದಳಂತೆ. ಉತ್ತರ ಕೊಡಲು ನಾನು ಲೂಕನ ಸುವಾರ್ತೆಯ ಹದಿಮೂರನೆಯ ಅಧ್ಯಾಯ ತೆಗೆದೆ. ಯೇಸುವಿನ ಹತ್ತಿರ ಜನ ಅಂದಿನ ಸುದ್ದಿ ತಂದ ಭಾಗ ಅದು. ಗಲಿಲಾಯದ ಕೆಲವರನ್ನು ಅವರು ಯಜ್ಞ ಮಾಡುತ್ತಿದ್ದಾಗಲೇ ರೋಮನ್ ಅಧಿಪತಿ ಪಿಲಾತ ಕೊಲ್ಲಿಸಿದ್ದ. ಆಗ ಯೇಸು ತಾನಾಗಿಯೇ ಇನ್ನೊಂದು ಸುದ್ದಿಯನ್ನು ಎತ್ತುತ್ತಾನೆ. ಸಿಲೋವದಲ್ಲಿ ಬುರುಜು ಬಿದ್ದು ಹದಿನೆಂಟು ಮಂದಿ ಸತ್ತರಲ್ಲ, ಅವರು ಯೆರೂಸಲೇಮಿನ ಉಳಿದವರಿಗಿಂತ ಹೆಚ್ಚು ಅಪರಾಧಿಗಳೋ ಎಂದು ಕೇಳಿ, ಅಲ್ಲ ಎಂದು ತಾನೇ ಹೇಳುತ್ತಾನೆ.

ಒಂದು ಕೊಲೆ, ಒಂದು ಕಟ್ಟಡ ಕುಸಿತ. ನಮಾಜಿನಲ್ಲಿದ್ದವರ ಮೇಲೆ ಗುಂಡು, ನಮ್ಮ ಊರಿನಲ್ಲಿ ಬಿದ್ದ ಕಟ್ಟಡ. ಆ ಅಧ್ಯಾಯವನ್ನು ನಾನು ಚಿಕ್ಕಂದಿನಿಂದ ಓದಿದ್ದೆ, ಆದರೆ ಅಂದು ಓದುವಾಗ ದನಿ ನಡುಗಿತು. ಸತ್ತವರನ್ನು ತೂಗುವ ಮಾತನ್ನು ಯೇಸು ಅಲ್ಲಿಗೇ ನಿಲ್ಲಿಸಿ, ಕೇಳುವವರ ಕಡೆಗೆ ತಿರುಗುತ್ತಾನೆ. ಮುಂದೆ ಬರುವುದು ಅಂಜೂರದ ಗಿಡದ ಸಾಮ್ಯ, ಅಂದರೆ ದೃಷ್ಟಾಂತ ಕಥೆ. ಹಣ್ಣು ಬಿಡದ ಗಿಡವನ್ನು ಕಡಿಯಲು ಯಜಮಾನ ಹೇಳಿದಾಗ ತೋಟಗಾರ ಇನ್ನೊಂದು ವರ್ಷ ಕೊಡು, ಸುತ್ತಲೂ ಅಗೆದು ಗೊಬ್ಬರ ಹಾಕುತ್ತೇನೆ ಎನ್ನುತ್ತಾನೆ. ಸುದ್ದಿಯ ಬೆನ್ನಿಗೇ ಈ ಸಾಮ್ಯ ಏಕೆ ಬಂತೆಂದು ನನ್ನ ಅವ್ವ ಕೇಳಿದಳು. ಉಳಿದವರಿಗೆ ಸಿಕ್ಕಿರುವುದು ಅಗೆಯುವ ಅವಧಿ ಎಂದು ನಾನು ಓದಿಕೊಂಡೆ. ಇಂದಿಗೂ ಹಾಗೆಯೇ ಓದುತ್ತೇನೆ. ಮರುದಿನ ಹೆಂಡತಿ ಮತ್ತು ನಾನು ರಕ್ತ ಕೊಡಲು ಹೋದೆವು. ಮಗಳು ಸತ್ತ ಕೂಲಿಯವರ ಊರುಗಳ ಹೆಸರನ್ನು ಪತ್ರಿಕೆಯಿಂದ ಹುಡುಕಿ ತನ್ನ ನೋಟ್‌ಬುಕ್ಕಿನಲ್ಲಿ ಬರೆದಳು. ಅದೇ ನಮ್ಮ ಪ್ರಾರ್ಥನೆಯ ನೋಟ್‌ಬುಕ್ ಆಯಿತು.

ಅಂದಿನಿಂದ ಬೆಳೆದ ಕ್ರಮ ಹೀಗಿದೆ. ಪ್ರತಿ ದಿನ ಒಬ್ಬರ ಸರದಿ. ಅವರು ಒಂದೇ ಒಂದು ಸುದ್ದಿಯನ್ನು ಆರಿಸಬೇಕು, ಎರಡನ್ನಲ್ಲ. ಅಚ್ಚಾದ ಪತ್ರಿಕೆಯಿಂದಲೇ ಆರಿಸಬೇಕು; ವಾಟ್ಸಾಪ್‌ನಲ್ಲಿ ಬಂದದ್ದಕ್ಕೆ ಅವಕಾಶವಿಲ್ಲ. ಓದಿದ ಮೇಲೆ ಯಾರೂ ಮಾತಾಡದೆ ಒಂದೆರಡು ನಿಮಿಷ ಕೂರುತ್ತೇವೆ. ಸತ್ಯವೇದದಲ್ಲಿ ಎಲ್ಲವನ್ನೂ ಕಳೆದುಕೊಂಡ ಯೋಬನ ಸ್ನೇಹಿತರು ಏಳು ದಿನ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತಿದ್ದರು. ಅವರು ಬಾಯಿ ತೆರೆದ ಮೇಲೆಯೇ ಅವನ ಸಂಕಟ ಇಮ್ಮಡಿಯಾದದ್ದು. ಮೌನದ ನಂತರ ಸರದಿಯವರು ಪ್ರಾರ್ಥಿಸುತ್ತಾರೆ. ಆ ಸುದ್ದಿಯ ಬಗ್ಗೆ ಅಭಿಪ್ರಾಯ ಹೇಳುವುದೇನಿದ್ದರೂ ಊಟದ ಹೊತ್ತಿಗೆ. ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಯಾವುದು ಮೊದಲು, ಯಾವುದು ಆಮೇಲೆ ಎಂಬ ಈ ಕ್ರಮ. ಯಾರಿಗಾಗಿ ಈಗತಾನೇ ದೇವರ ಮುಂದೆ ಬೇಡಿಕೊಂಡಿದ್ದೇವೋ ಅವರ ಬಗ್ಗೆ ರೊಟ್ಟಿ ಮುರಿಯುತ್ತಾ ಹಗುರವಾಗಿ ಮಾತಾಡಲು ನಾಲಿಗೆ ಏಳುವುದಿಲ್ಲ. ಮೊದಲು ವಾದ ಮಾಡಿ ಆಮೇಲೆ ಪ್ರಾರ್ಥಿಸಿದರೆ ಪ್ರಾರ್ಥನೆ ವಾದದ ಮುಂದುವರಿಕೆಯಾಗುತ್ತದೆ.

ಇನ್ನೊಂದು ಕಟ್ಟುನಿಟ್ಟು ಅವ್ವನದು: ಪ್ರಾರ್ಥನೆಯ ನೆಪದಲ್ಲಿ ಮನೆಯವರಿಗೆ ಬುದ್ಧಿ ಹೇಳಬಾರದು. "ಕರ್ತನೇ, ಮೊಬೈಲಿನಲ್ಲಿ ಮುಳುಗಿರುವ ಈ ತಲೆಮಾರನ್ನು ಎಚ್ಚರಿಸು" ಎಂದು ಮಗನ ಪಕ್ಕದಲ್ಲಿ ಕೂತು ಪ್ರಾರ್ಥಿಸಿದರೆ ಅದು ದೇವರಿಗೆ ಹೇಳಿದ್ದಲ್ಲ. ಮಕ್ಕಳು ಪ್ರಾರ್ಥನೆಯಿಂದ ದೂರವಾಗುವುದು ಬಹುಮಟ್ಟಿಗೆ ಇಂಥ ಮಾತಿನಿಂದಲೇ ಎಂದು ಶಿಕ್ಷಕನಾಗಿ, ತಂದೆಯಾಗಿ ನಾನು ಕಂಡಿದ್ದೇನೆ. ರಾಜಕೀಯಕ್ಕೂ ಇದು ಸಲ್ಲುತ್ತದೆ. ಪೌಲನು ತಿಮೊಥೆಗೆ ಬರೆದ ಮೊದಲ ಪತ್ರದಲ್ಲಿ ಅರಸರಿಗಾಗಿಯೂ ಅಧಿಕಾರದಲ್ಲಿರುವವರಿಗಾಗಿಯೂ ಪ್ರಾರ್ಥಿಸಿರಿ ಎನ್ನುತ್ತಾನೆ. ಅವನ ಕಾಲದ ಅರಸರನ್ನು ನೆನೆದರೆ ಅದು ಸುಲಭದ ಆಜ್ಞೆಯಲ್ಲ. ನಮ್ಮ ಮನೆಯಲ್ಲಿ ನನ್ನ ಮತ ಒಂದು ಕಡೆ, ನನ್ನ ಹೆಂಡತಿಯದು ಇನ್ನೊಂದು ಕಡೆ. ಆದರೂ ಆಳುವವರಿಗೆ ನ್ಯಾಯಬುದ್ಧಿಯನ್ನು ಕೊಡು ಎಂಬ ಮಾತಿಗೆ ಇಬ್ಬರೂ ಒಂದೇ ದನಿಯಲ್ಲಿ ಆಮೆನ್ ಹೇಳುತ್ತೇವೆ.

ಅದೇ ವರ್ಷ ಲೋಕಸಭಾ ಚುನಾವಣೆಯೂ ಬಂತು. ಬೆಂಗಳೂರು, ಮೈಸೂರಿನ ನಮ್ಮ ನೆಂಟರು ಏಪ್ರಿಲ್ 18ರಂದು, ಶುಭ ಶುಕ್ರವಾರದ ಹಿಂದಿನ ದಿನ, ಮತ ಹಾಕಿದರು. ನಮ್ಮ ಭಾಗದ ಮತದಾನ 23ರಂದು. ನನಗೆ ಮತಗಟ್ಟೆಯ ಕರ್ತವ್ಯ ಬಿದ್ದಿತ್ತು. ಈಸ್ಟರ್ 21ಕ್ಕೆ. ನಸುಕಿನಲ್ಲಿ ಆರಾಧನೆ ಮುಗಿಸಿ, ಮನೆಗೆ ಬಂದು ಉಪ್ಪಿಟ್ಟು ತಿನ್ನುವ ಹೊತ್ತಿಗೆ ಶ್ರೀಲಂಕಾದ ಬಾಂಬ್ ಸ್ಫೋಟಗಳ ಸುದ್ದಿ ಬರಲು ಶುರುವಾಯಿತು. ಕೊಲಂಬೊದ ಸಂತ ಅಂತೋನಿ ಚರ್ಚು, ನೆಗೊಂಬೊದ ಸಂತ ಸೆಬಾಸ್ಟಿಯನ್ ಚರ್ಚು, ಮಟ್ಟಕ್ಕಳಪ್ಪಿನ (ಬಟ್ಟಿಕಲೋವಾ) ಜಿಯೋನ್ ಚರ್ಚು, ಜೊತೆಗೆ ಕೊಲಂಬೊದ ಹೋಟೆಲುಗಳು. ಸತ್ತವರು 250ಕ್ಕೂ ಹೆಚ್ಚು. ಮೊದಲ ಹಂತದ ಮತದಾನ ಮುಗಿಸಿ ಅಲ್ಲಿಗೆ ಹೋಗಿದ್ದ ನಮ್ಮ ರಾಜ್ಯದ ಜೆಡಿಎಸ್ ಕಾರ್ಯಕರ್ತರೂ ಅವರಲ್ಲಿದ್ದರು. ಮಟ್ಟಕ್ಕಳಪ್ಪಿನಲ್ಲಿ ಸತ್ತವರಲ್ಲಿ ಬಹಳ ಮಂದಿ ಭಾನುವಾರ ಶಾಲೆಯ ಮಕ್ಕಳು. ನನ್ನ ಹೆಂಡತಿ ಭಾನುವಾರ ಶಾಲೆಯಲ್ಲಿ ಕಲಿಸುವವಳು. ಅದೇ ಬೆಳಿಗ್ಗೆ ಮಕ್ಕಳಿಗೆ ಬರಿದಾದ ಸಮಾಧಿಯ ಕಥೆ ಹೇಳಿ ಬಂದಿದ್ದಳು. ಅಂದು ಅವಳು ಊಟ ಮಾಡಲಿಲ್ಲ.

ರಾತ್ರಿ ಮಗನ ಸರದಿ. ಅವನು ಸಿಟ್ಟಿನಲ್ಲಿದ್ದ. ಐದು ವಾರಗಳ ಹಿಂದೆ ಮಸೀದಿಗಳಲ್ಲಿ ಸತ್ತವರಿಗಾಗಿ ಪ್ರಾರ್ಥಿಸಿದವನೂ ಅವನೇ. ನ್ಯೂಜಿಲೆಂಡಿನ ಪ್ರಧಾನಿ ಜಸಿಂಡಾ ಆರ್ಡರ್ನ್ ಕೊಂದವನ ಹೆಸರನ್ನು ಎಂದೂ ಉಚ್ಚರಿಸುವುದಿಲ್ಲ ಎಂದು ಸಂಸತ್ತಿನಲ್ಲಿ ಹೇಳಿದ್ದು ಅವನಿಗೆ ಬಹಳ ಹಿಡಿಸಿತ್ತು. ಆ ಕೊಲೆಗಾರ ನೇರ ಪ್ರಸಾರ ಮಾಡಿದ ದೃಶ್ಯ ಶಾಲೆಯ ಹುಡುಗರ ಮೊಬೈಲುಗಳಲ್ಲಿ ಓಡಾಡುತ್ತಿದ್ದಾಗ ಇವನು ನೋಡಲು ಒಲ್ಲೆ ಎಂದಿದ್ದ. ಈಗ ಅವ್ವ "ಕೊಂದವರಿಗಾಗಿಯೂ ಪ್ರಾರ್ಥಿಸು" ಎಂದಾಗ ಅವನು ಒಪ್ಪಲಿಲ್ಲ. "ಅಜ್ಜಿ, ಮಕ್ಕಳನ್ನು ಕೊಂದವರಿಗಾಗಿಯೇ?" ಎಂದ. ವೈರಿಗಳನ್ನು ಪ್ರೀತಿಸಿರಿ, ಹಿಂಸಿಸುವವರಿಗಾಗಿ ಪ್ರಾರ್ಥಿಸಿರಿ ಎಂಬುದು ಮತ್ತಾಯನ ಐದನೆಯ ಅಧ್ಯಾಯದಲ್ಲಿ ಯೇಸುವಿನ ಬಾಯಿಂದಲೇ ಬಂದ ಮಾತು. ಅದನ್ನು ಯಾರೂ ಅವನಿಗೆ ನೆನಪಿಸಬೇಕಾಗಿರಲಿಲ್ಲ. ನಾನು ಅವನನ್ನು ಒತ್ತಾಯಿಸಲಿಲ್ಲ. ಹದಿಮೂರನೆಯ ಕೀರ್ತನೆಯನ್ನು ಓದು ಎಂದೆ. ಎಲ್ಲಿಯವರೆಗೆ, ಎಲ್ಲಿಯವರೆಗೆ ಎಂದು ಮತ್ತೆ ಮತ್ತೆ ಕೇಳುವ ಕೀರ್ತನೆ ಅದು. ಅವನು ಓದಿದ. ಕೊಂದವರ ವಿಷಯವನ್ನು ಅವ್ವ ತಾನೇ ಪ್ರಾರ್ಥಿಸಿದಳು.

ಒಂದೇ ಚಾಪೆಯ ಮೇಲೆ ಈ ಎರಡೂ ಪ್ರಾರ್ಥನೆಗಳಿಗೆ ಸ್ಥಳವಿರಬೇಕು ಎಂದು ನಾನು ನಂಬುತ್ತೇನೆ. ಸತ್ಯವೇದದಲ್ಲಿ ಪ್ರಲಾಪಗಳ ಪುಸ್ತಕವಿದೆ, ದೇವರನ್ನೇ ಪ್ರಶ್ನಿಸಿದ ಹಬಕ್ಕೂಕನಿದ್ದಾನೆ. ಮಕ್ಕಳಿಗೆ ಕ್ಷಮೆಯನ್ನಷ್ಟೇ ಕಲಿಸಿ ಗೋಳಾಡುವುದನ್ನು ಕಲಿಸದೇ ಹೋದರೆ ಅವರ ಕ್ಷಮೆ ಬಾಯಿಪಾಠವಾಗುತ್ತದೆ. ಕ್ರೈಸ್ಟ್‌ಚರ್ಚ್‌ನಲ್ಲಿ ಸತ್ತವರಿಗಾಗಿ ಮೊದಲೇ ಪ್ರಾರ್ಥಿಸಿದ್ದರಿಂದ ಶ್ರೀಲಂಕಾದ ಸುದ್ದಿ ಬಂದಾಗ ನಮ್ಮ ಮನೆಯಲ್ಲಿ 'ಅವರು' ಎಂಬ ಮಾತು ಒಂದು ಇಡೀ ಸಮುದಾಯದ ಕಡೆಗೆ ಬೆರಳು ಮಾಡಲಿಲ್ಲ. ಮರುದಿನ ಮತಯಂತ್ರ, ವಿವಿಪ್ಯಾಟ್ ಪಡೆದು ಮತಗಟ್ಟೆಗೆ ಹೋದಾಗ ನನ್ನ ಜೊತೆಗಿದ್ದ ಮುಸ್ಲಿಂ ಶಿಕ್ಷಕರೊಬ್ಬರು "ನಿಮ್ಮ ಹಬ್ಬದ ದಿನವೇ ಹೀಗಾಯಿತಲ್ಲ, ಸರ್" ಎಂದು ನನ್ನ ಕೈ ಹಿಡಿದುಕೊಂಡರು. ಮಾರ್ಚಿನಲ್ಲಿ ನಮ್ಮ ಮನೆಯವರು ಅವರ ಜನರಿಗಾಗಿ ಕಣ್ಣೀರಿಟ್ಟಿದ್ದೆವು ಎಂದು ಅವರಿಗೆ ಹೇಳಿದೆ. ಆ ರಾತ್ರಿ ಶಾಲೆಯ ಕೋಣೆಯಲ್ಲಿ ಬೆಂಚುಗಳ ಮೇಲೆ ಮಲಗಿ ಬಹಳ ಹೊತ್ತು ಮಾತಾಡಿದೆವು.

ನೋಟ್‌ಬುಕ್ ಬಗ್ಗೆ ಇನ್ನಷ್ಟು ಹೇಳಬೇಕು. ಪತ್ರಿಕೆ ಹತ್ತು ದಿನಕ್ಕೆ ಮರೆಯುವುದನ್ನು ಅದು ಮರೆಯಲು ಬಿಡುವುದಿಲ್ಲ. ತಾರೀಖು, ಊರು, ಏನಾಯಿತು, ಏನು ಬೇಡಿದೆವು, ಅಷ್ಟೇ ಬರೆಯುತ್ತೇವೆ. ತಿಂಗಳ ಕೊನೆಯಲ್ಲಿ ಹಿಂದಿನ ವರ್ಷದ ಅದೇ ತಿಂಗಳ ಪುಟ ತೆರೆದು ನೋಡುತ್ತೇವೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ನರಗುಂದ ತಾಲ್ಲೂಕಿನ ಕೊಣ್ಣೂರಿಗೆ ನೀರು ನುಗ್ಗಿತ್ತು. ಮುಂದಿನ ಆಗಸ್ಟಿನಲ್ಲಿ ಆ ಪುಟ ಓದಿದಾಗ ಮಗಳು "ಅವರಿಗೆ ಮನೆ ಆಯಿತೇ?" ಎಂದು ಕೇಳಿದಳು. ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆ ಕಡೆಯವರಾದ ನನ್ನ ಸಹೋದ್ಯೋಗಿಗೆ ಫೋನ್ ಮಾಡಿ ವಿಚಾರಿಸಿದೆವು. ಶೆಡ್ಡಿನಲ್ಲಿದ್ದ ಒಂದು ಕುಟುಂಬದ ಮಕ್ಕಳಿಗೆ ಶಾಲೆಯ ಸಾಮಾನು ಕಳಿಸಿದೆವು. ದೊಡ್ಡ ಕೆಲಸವಲ್ಲ, ಆದರೆ ಒಂದು ವರ್ಷ ಹಳೆಯ ಸುದ್ದಿಗಾಗಿ ಯಾರಾದರೂ ಫೋನ್ ಮಾಡುತ್ತಾರೆ ಎಂಬುದೇ ಆ ತಾಯಿಗೆ ಆಶ್ಚರ್ಯವಾಗಿತ್ತಂತೆ.

ಕೋವಿಡ್ ಕಾಲದಲ್ಲಿ, 2020ರ ಈಸ್ಟರ್ ಲಾಕ್‌ಡೌನಿನಲ್ಲಿ ಬಂದಾಗ, ಈ ಚಾಪೆಯೇ ನಮಗೆ ಚರ್ಚಾಯಿತು. 2023ರ ಮೇ ತಿಂಗಳಲ್ಲಿ ಮಣಿಪುರ ಹೊತ್ತಿ ಉರಿದಾಗ ಚರ್ಚುಗಳು ಸುಟ್ಟ ಸುದ್ದಿ ನಮ್ಮ ಕರುಳನ್ನು ಹಿಂಡಿತು. ಆಗ ಮಗಳು ಅಲ್ಲಿ ಬಡಿದಾಡುತ್ತಿದ್ದ ಎರಡು ಸಮುದಾಯಗಳಾದ ಕುಕಿ ಪರಿಹಾರ ಶಿಬಿರದ ಸುದ್ದಿಯನ್ನೂ ಮೈತೇಯಿ ಶಿಬಿರದ ಸುದ್ದಿಯನ್ನೂ ತಂದು, ಒಂದೇ ಸುದ್ದಿ ಎಂಬ ನಿಯಮವನ್ನು ಆ ರಾತ್ರಿ ಮುರಿಯಲು ಅನುಮತಿ ಕೇಳಿದಳು. ಕೊಟ್ಟೆವು.

ಭಾನುವಾರ ಮಾತ್ರ ಸಂತೋಷದ ಸುದ್ದಿಗೆ ಮೀಸಲು. ಮಳೆ ಸಕಾಲಕ್ಕೆ ಬಂದದ್ದು, ಕಾಣೆಯಾದ ಮಗು ಮನೆ ಸೇರಿದ್ದು, ಕೂಲಿಕಾರನ ಮಗಳು ವೈದ್ಯಕೀಯ ಸೀಟು ಪಡೆದದ್ದು. ಸಂತೋಷಪಡುವವರ ಸಂಗಡ ಸಂತೋಷಪಡಿರಿ, ಅಳುವವರ ಸಂಗಡ ಅಳಿರಿ ಎಂದು ರೋಮಾಪುರದವರಿಗೆ ಪೌಲ ಬರೆಯುವಾಗ ಸಂತೋಷವನ್ನು ಮೊದಲು ಹೇಳಿದ್ದಾನೆ. ಪತ್ರಿಕೆಯಲ್ಲಿ ಅಂಥದ್ದನ್ನು ಹುಡುಕಲು ಒಳಪುಟಗಳಿಗೆ ಹೋಗಬೇಕಾಗುತ್ತದೆ, ಆದರೆ ಹುಡುಕಿದರೆ ಸಿಗುತ್ತದೆ.

ಆರಂಭಿಸುವವರಿಗೆ ಒಂದು ಮಾತು: ಚಿಕ್ಕ ಮಕ್ಕಳಿರುವ ಮನೆಯಲ್ಲಿ ಸುದ್ದಿಯನ್ನು ದೊಡ್ಡವರು ಮೊದಲೇ ಓದಿ ತಮ್ಮ ಮಾತಿನಲ್ಲಿ ಹೇಳಿ, ಚಿತ್ರ ತೋರಿಸಬೇಡಿ. ಹತ್ತು ನಿಮಿಷದಲ್ಲಿ ಮುಗಿಸಿ. ಯಾರಿಗಾದರೂ ಪ್ರಾರ್ಥಿಸಲು ಮನಸ್ಸಿಲ್ಲದಿದ್ದರೆ ಕೀರ್ತನೆಯೊಂದನ್ನು ಓದಲಿ, ಸಾಕು. ಮಗ ಈಗ ಬೆಂಗಳೂರಿನಲ್ಲಿ ಓದುತ್ತಿದ್ದಾನೆ. ಅವನ ಸರದಿ ಬುಧವಾರ. ಪತ್ರಿಕೆಯ ತುಣುಕಿನ ಚಿತ್ರ ಸಂಜೆಯೇ ಬಂದಿರುತ್ತದೆ, ಎಂಟೂವರೆಗೆ ಫೋನಿನಲ್ಲಿ ಸೇರಿಕೊಳ್ಳುತ್ತಾನೆ. ಕೊಂದವರಿಗಾಗಿ ಪ್ರಾರ್ಥಿಸುವ ವಿಷಯದಲ್ಲಿ ಅವನೂ ಅವ್ವನೂ ಇನ್ನೂ ಒಂದಾಗಿಲ್ಲ.