ವೆಲ್ಡಿಂಗ್ ಮೆಷಿನ್‌ಗೆ ಗ್ಯಾಸ್ ಪೈಪ್ ಆರಿಸುವುದು ಹೇಗೆ?

ತುಮಕೂರಿನ ಅಂತರಸನಹಳ್ಳಿ ಕಡೆಯ ಶೆಡ್ಡಿರಲಿ, ಶಿರಾ ರಸ್ತೆಯ ಗ್ರಿಲ್ ಅಂಗಡಿಯಿರಲಿ, ಹೊಸ ಮಿಗ್ ಮೆಷಿನ್ (ವೈರ್ ಕರಗಿಸುತ್ತಾ, ಬೆಸುಗೆಗೆ ಗಾಳಿ ತಾಗದಂತೆ ಗ್ಯಾಸ್ ಬಿಡುವ ವೆಲ್ಡಿಂಗ್ ಮೆಷಿನ್) ಕೊಳ್ಳುವಾಗ ಚೌಕಾಸಿ ಎಲ್ಲ ಮೆಷಿನ್‌ಗೇ ಮುಗಿದುಹೋಗುತ್ತದೆ. ಪೈಪ್ ವಿಷಯ ಬಂದಾಗ ಮೂಲೆಯಲ್ಲಿ ಬಿದ್ದಿದ್ದ, ಗಾರೆಯವರು ಮಟ್ಟ ನೋಡುವ ಪ್ಲಾಸ್ಟಿಕ್ ಲೆವೆಲ್ ಟ್ಯೂಬೇ ಸಾಕು ಎನ್ನುತ್ತೇವೆ. ಆಮೇಲೆ ಬೀಡ್ (ಬೆಸುಗೆಯ ಗೆರೆ) ತುಂಬಾ ಪಿನ್ ಹೋಲ್, ಅಂದರೆ ಸಣ್ಣ ಸಣ್ಣ ತೂತು! ಬೈಗುಳ ಮಾತ್ರ ವೈರ್‌ಗೆ.

ಮೊದಲು ಯಾವ ಗ್ಯಾಸ್, ಯಾವ ಲೋಹ ಎಂದು ನೋಡಿ. ಮೈಲ್ಡ್ ಸ್ಟೀಲ್‌ಗೆ ಸಿಒ2 ಅಥವಾ ಆರ್ಗಾನ್ ಮಿಕ್ಸ್ ಬಳಸುವವರಿಗೆ ನೂಲಿನ ಹೆಣಿಗೆ ಇರುವ ಒಳ್ಳೆ ರಬ್ಬರ್ ಪೈಪ್ ಸಾಕು. ಅಲ್ಯೂಮಿನಿಯಂ, ಸ್ಟೇನ್‌ಲೆಸ್ ಸ್ಟೀಲ್ ಟಿಗ್ (ಟಂಗ್‌ಸ್ಟನ್ ಕಡ್ಡಿಯ ಆರ್ಕ್‌ನಿಂದ ಮಾಡುವ ವೆಲ್ಡಿಂಗ್) ಕೆಲಸವಾದರೆ ತೇವ ಒಳಗೆ ಬಿಡದ ಲೈನಿಂಗ್ ಇರುವುದನ್ನು ಕೇಳಿ. ಒಳಗೆ ಪ್ರೆಶರ್ ಇದ್ದರೂ ಹೊರಗಿನ ತೇವ ಪೈಪಿನ ಗೋಡೆ ದಾಟಿ ಒಳಗೆ ಬರುತ್ತದೆ. ನಂಬೋಕೆ ಕಷ್ಟ, ಆದರೆ ನಿಜ. ಈ ವಿಷಯದಲ್ಲಿ ಸಿಲಿಕಾನ್ ಟ್ಯೂಬ್ ಎಲ್ಲಕ್ಕಿಂತ ಕಡೆ. ಲೆವೆಲ್ ಟ್ಯೂಬ್‌ಗೆ ಹೆಣಿಗೆಯೇ ಇರುವುದಿಲ್ಲ, ಏಪ್ರಿಲ್ ಬಿಸಿಲಿಗೆ ಮೆತ್ತಗಾಗಿ, ಪೈಪ್ ಸಿಕ್ಕಿಸುವ ನಿಪ್ಪಲ್‌ನಿಂದ ಕಳಚಿಕೊಳ್ಳುತ್ತದೆ.

ಇನ್ನು ಒಳವ್ಯಾಸ. ದಪ್ಪ ಪೈಪ್ ತಂದರೆ ಗ್ಯಾಸ್ ಚೆನ್ನಾಗಿ ಬರುತ್ತೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಮಿಗ್‌ಗೆ ಬೇಕಾಗುವುದು ನಿಮಿಷಕ್ಕೆ 10ರಿಂದ 15 ಲೀಟರ್. ಅದಕ್ಕೆ 6 ಮಿಲಿಮೀಟರ್ ಒಳವ್ಯಾಸ ಧಾರಾಳ. ವೆಲ್ಡಿಂಗ್ ಗನ್ನಿನ ಟ್ರಿಗರ್ ಬಿಟ್ಟಾಗ ಪೈಪಿನೊಳಗೆ ಪ್ರೆಶರ್ ಏರಿ ಗ್ಯಾಸ್ ಕೂಡಿಕೊಳ್ಳುತ್ತದೆ. ಮತ್ತೆ ಒತ್ತಿದಾಗ ಅದು ಬುಸ್ಸೆಂದು ನುಗ್ಗುತ್ತದೆ. ಹಾಗೆ ನುಗ್ಗುವ ಗ್ಯಾಸ್ ಸುಳಿ ಎಬ್ಬಿಸಿ ಅಕ್ಕಪಕ್ಕದ ಗಾಳಿಯನ್ನೂ ಎಳೆದುಕೊಳ್ಳುತ್ತದೆ. 10 ಮೀಟರ್ ಉದ್ದ, 3 ಬಾರ್ ಪ್ರೆಶರ್ ಎಂದು ಲೆಕ್ಕ ಹಾಕಿ. 6 ಮಿಲಿಮೀಟರ್ ಪೈಪಿನಲ್ಲಿ ಹೀಗೆ ಹೆಚ್ಚುವರಿಯಾಗಿ ಕೂಡುವುದು ಸುಮಾರು 0.85 ಲೀಟರ್, 10 ಮಿಲಿಮೀಟರ್‌ನಲ್ಲಿ ಸುಮಾರು 2.4 ಲೀಟರ್. ಗ್ರಿಲ್ ಕೆಲಸದಲ್ಲಿ ದಿನವಿಡೀ ಟ್ಯಾಕ್ (ಚಿಕ್ಕ ಚಿಕ್ಕ ಬೆಸುಗೆ) ಹೊಡೆಯುತ್ತಲೇ ಇರುತ್ತೀರಲ್ಲ, ಪ್ರತಿ ಸಲ ಗ್ಯಾಸ್ ಸುಮ್ನೆ ಹೋದ ಹಾಗೆ. ಉದ್ದವೂ ಅಷ್ಟೇ, ಜಾಸ್ತಿ ಇದ್ದಷ್ಟೂ ನಷ್ಟ. ಸಿಲಿಂಡರ್ ಮೆಷಿನ್ ಪಕ್ಕದಲ್ಲೇ ಇದ್ದರೆ 3 ಮೀಟರ್ ಸಾಕು.

ಅಂಗಡಿಯಲ್ಲಿ ಪೈಪ್ ಮೇಲಿನ ಬರಹ ಓದಿ. ವೆಲ್ಡಿಂಗ್ ರಬ್ಬರ್ ಪೈಪಿನ ಗುಣಮಟ್ಟದ ಗುರುತಾದ ಐಎಸ್ಒ 3821 (ಅಂತಾರಾಷ್ಟ್ರೀಯ) ಅಥವಾ ನಮ್ಮ ದೇಶದ ಐಎಸ್ 447 ಎಂದಿರಬೇಕು. ಒಳವ್ಯಾಸ, ಗರಿಷ್ಠ ಪ್ರೆಶರ್ ಕೂಡ ಇದ್ದರೆ ಒಳ್ಳೆಯದು. ಐಎಸ್ಒ ಪ್ರಕಾರ ಆರ್ಗಾನ್, ಸಿಒ2ಗೆ ಕಪ್ಪು ಬಣ್ಣ. ಕೆಂಪು ಅಸಿಟಿಲೀನ್‌ಗೆ, ನೀಲಿ ಆಕ್ಸಿಜನ್‌ಗೆ. ಹಳೆ ಗ್ಯಾಸ್ ಕಟಿಂಗ್ ಪೈಪನ್ನು ಇದಕ್ಕೆ ಹಾಕಬೇಡಿ. ಅಸಿಟಿಲೀನ್ ನಟ್ ಎಡಗಡೆ ತಿರುಗುವ ಥ್ರೆಡ್‌ನದು, ಹೇಗೂ ಕೂರುವುದಿಲ್ಲ.

ಜೋಡಿಸುವಾಗ ತುದಿಯನ್ನು ನೇರ ಕತ್ತರಿಸಿ, ನಿಪ್ಪಲ್ ಪೂರ್ತಿ ಒಳಗೆ ಹೋಗುವ ತನಕ ತಳ್ಳಿ, ಕ್ಲಿಪ್ ಬಿಗಿ ಮಾಡಿ. ಬೈಂಡಿಂಗ್ ವೈರ್ ಸುತ್ತುವ ಚಾಳಿ ಬಿಡಿ, ಅದು ರಬ್ಬರ್ ಕೊಯ್ಯುತ್ತದೆ. ರೆಗ್ಯುಲೇಟರ್ ಇಲ್ಲದೆ ಸಿಲಿಂಡರ್‌ಗೆ ನೇರವಾಗಿ ಪೈಪ್ ಸಿಕ್ಕಿಸುವುದಂತೂ ಬೇಡವೇ ಬೇಡ. ತುಂಬಿದ ಆರ್ಗಾನ್ ಸಿಲಿಂಡರ್‌ನಲ್ಲಿ 100 ಬಾರ್‌ಗಿಂತ ಜಾಸ್ತಿ ಪ್ರೆಶರ್ ಇರುತ್ತದೆ.

ಕೊನೆಗೆ ಲೀಕ್ ಪರೀಕ್ಷೆ. ಗ್ಯಾಸ್ ಬಿಟ್ಟು, ಟ್ರಿಗರ್ ಒತ್ತದೆ, ಜಾಯಿಂಟ್‌ಗಳಿಗೆ ಸೋಪು ನೀರು ಹಚ್ಚಿ. ಗುಳ್ಳೆ ಬರದಿದ್ದರೆ ಸಿಲಿಂಡರ್ ವಾಲ್ವ್ ಮುಚ್ಚಿ ಗೇಜ್ ನೋಡುತ್ತಿರಿ. ಹತ್ತು ನಿಮಿಷದಲ್ಲಿ ಮುಳ್ಳು ಇಳಿದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಇಳಿಯದೆಯೂ ಪಿನ್ ಹೋಲ್ ಬರುತ್ತಿದ್ದರೆ, ಗ್ಯಾಸನ್ನು ಗಾಳಿ ಚದುರಿಸುತ್ತಿರಬಹುದು, ಮೊದಲು ಶೆಡ್ಡಿನ ಫ್ಯಾನ್ ಆಫ್ ಮಾಡಿ ನೋಡಿ.